ಅಜ್ಜಿಯ ಕರಿ ಹಲ್ಲುಪುಡಿ, ಮಗನ ಹುಳುಕು ಹಲ್ಲು

ಮಗನಿಗೆ ಐದು ವರ್ಷ. ಕಳೆದ ವರ್ಷ ಒಂದು ರಾತ್ರಿ ಕೆನ್ನೆ ಹಿಡಿದುಕೊಂಡು ಅಳತೊಡಗಿದ. ಬೆಳಿಗ್ಗೆ ಡೆಂಟಿಸ್ಟ್ ಹತ್ತಿರ ಕರೆದುಕೊಂಡು ಹೋದೆ. ನಾಲ್ಕು ಹಾಲುಹಲ್ಲು ಹುಳುಕಾಗಿದ್ದವು. ಮೂರಕ್ಕೆ ಫಿಲ್ಲಿಂಗ್ ಸಾಕಾಯಿತು, ಒಂದಕ್ಕೆ ಬೇರಿನ ಚಿಕಿತ್ಸೆಯೇ ಬೇಕಾಯಿತು. "ಯಾವ ಪೇಸ್ಟ್ ಹಾಕ್ತೀರಿ?" ಅಂತ ಕೇಳಿದರು. "ಪೇಸ್ಟ್ ಇಲ್ಲ ಡಾಕ್ಟ್ರೇ, ಮನೆಯಲ್ಲೇ ಮಾಡಿದ ನ್ಯಾಚುರಲ್ ಹಲ್ಲುಪುಡಿ" ಅಂದೆ. ಹೆಮ್ಮೆಯಿಂದ ಹೇಳಲು ಹೊರಟ ಮಾತು ಅರ್ಧಕ್ಕೇ ಗಂಟಲಲ್ಲಿ ಸಿಕ್ಕಿಕೊಂಡಿತು.

ಇಂಥ ಪುಡಿಗಳ ರೆಸಿಪಿ ನಿಮ್ಮ ಫೋನಿನಲ್ಲೂ ದಿನಕ್ಕೊಂದು ಬರುತ್ತಿರಬಹುದು. ಇದ್ದಿಲು, ನಿಂಬೆಹಣ್ಣು, ಸೋಡಾ, ಅರಿಶಿನ. "ಮೂರೇ ದಿನದಲ್ಲಿ ಮುತ್ತಿನಂಥ ಹಲ್ಲು". ಮನೆಯಲ್ಲಿ ಹಲ್ಲುಪುಡಿ ಮಾಡಬೇಡಿ ಅಂತ ನಾನು ಹೇಳಲ್ಲ, ನಾನು ಈಗಲೂ ಮಾಡುತ್ತೇನೆ. ಆದರೆ ಅದು ಏನು ಮಾಡುತ್ತದೆ, ಏನು ಮಾಡಲ್ಲ ಅನ್ನೋದನ್ನು ನಾನು ತಡವಾಗಿ ಕಲಿತೆ. ನೀವು ಮೊದಲೇ ತಿಳಿದುಕೊಳ್ಳಿ ಅಂತ ಇದನ್ನು ಬರೆಯುತ್ತಿದ್ದೇನೆ.

ಕತ್ತಲಗೆರೆಯ ಹಿತ್ತಲಲ್ಲಿ

ನಮ್ಮೂರು ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆ. ಹೆಸರು ಹೇಳಿದರೆ ಕೃಷಿ ಗೊತ್ತಿದ್ದವರು "ಅಲ್ಲಿ ಸಂಶೋಧನಾ ಕೇಂದ್ರ ಇದೆಯಲ್ವಾ" ಅಂತಾರೆ. ಭದ್ರಾ ನಾಲೆಯ ನೀರು, ಭತ್ತದ ಗದ್ದೆ, ಈಗೀಗ ಎತ್ತ ನೋಡಿದರೂ ಅಡಿಕೆ ತೋಟ.

ನಾನು ಚಿಕ್ಕವಳಿದ್ದಾಗ ಅಜ್ಜಿ ವರ್ಷಕ್ಕೆ ಎರಡು ಸಲ ಹಲ್ಲುಪುಡಿ ಮಾಡುತ್ತಿದ್ದರು. ಭತ್ತದ ಹೊಟ್ಟನ್ನು ಹಿತ್ತಲಲ್ಲಿ ಗುಡ್ಡೆ ಹಾಕಿ ನಡುವೆ ಒಂದು ಕೆಂಡ ಇಡುವುದು. ಉರಿ ಏಳಬಾರದು, ಹೊಗೆಯಾಡುತ್ತಾ ಒಳಗೊಳಗೇ ಕಪ್ಪಾಗಬೇಕು. ಬಂಗಾರದ ಬಣ್ಣದ ಹೊಟ್ಟು ಕರ್ರಗಾಗಿದ್ದೇ ತಡ, ನೀರು ಚಿಮುಕಿಸಿ ಆರಿಸಿಬಿಡುತ್ತಿದ್ದರು. "ಬೂದಿ ಆಗಕ್ಕೆ ಬಿಡಬಾರ್ದು ಕಣವ್ವಾ, ಕರಿ ಇರಬೇಕು" ಅನ್ನುವುದು ಅಜ್ಜಿಯ ಲೆಕ್ಕ. ಅದನ್ನು ಒಣಗಿಸಿ, ಒರಳಲ್ಲಿ ಕುಟ್ಟಿ, ಹಳೆಯ ಮಲ್ ಪಂಚೆಯಲ್ಲಿ ಎರಡು ಸಲ ಜರಡಿ ಹಿಡಿದು, ಉಪ್ಪು ಮತ್ತು ಲವಂಗದ ಪುಡಿ ಸೇರಿಸಿ ಡಬ್ಬಿಗೆ ತುಂಬಿಡುತ್ತಿದ್ದರು. ಬೆಳಿಗ್ಗೆ ನಾವು ಮೊಮ್ಮಕ್ಕಳೆಲ್ಲ ಅಂಗೈಯಲ್ಲಿ ಒಂದು ಚಿಟಿಕೆ ಪುಡಿ ಹಾಕಿಕೊಂಡು, ತೋರುಬೆರಳಲ್ಲಿ ತಿಕ್ಕುತ್ತಾ, ಒಬ್ಬರ ಕಪ್ಪು ಬಾಯಿ ನೋಡಿ ಒಬ್ಬರು ನಗುತ್ತಿದ್ದೆವು.

ಇದು ನಮ್ಮ ಮನೆಯ ಗುಟ್ಟೇನಲ್ಲ. ಕರ್ನಾಟಕದಲ್ಲಿ ಮನೆಮಾತಾದ ನಂಜನಗೂಡು ಹಲ್ಲುಪುಡಿಯ ಮೂಲವೂ ಇದೇ ಹೊಟ್ಟಿನ ಕರಿ. ವೈದ್ಯ ಬಿ.ವಿ. ಪಂಡಿತರು 1913ರಲ್ಲಿ ನಂಜನಗೂಡಿನಲ್ಲಿ ಶುರುಮಾಡಿದ ಸದ್ವೈದ್ಯಶಾಲೆಯಿಂದ ಬಂದ ಆ ಕಪ್ಪು ಪುಡಿ ಎಷ್ಟೋ ಮನೆಗಳ ಬಚ್ಚಲ ಗೂಡಿನಲ್ಲಿ ಇರುತ್ತಿತ್ತು. ಭತ್ತ ಬೆಳೆಯುವ ಕಡೆಯೆಲ್ಲ ಹೊಟ್ಟು ಪುಕ್ಕಟೆ. ಅದನ್ನು ಬಳಸಿಕೊಳ್ಳುವ ಜಾಣತನ ನಮ್ಮ ಹಿರಿಯರಿಗಿತ್ತು.

ಅಜ್ಜಿಗೆ ಈಗ ಎಂಬತ್ತು ದಾಟಿದೆ. ಇವತ್ತಿಗೂ ಚಕ್ಕುಲಿ ಕಟಕಟ ಅಂತ ಕಡಿಯುತ್ತಾರೆ. ಅದನ್ನು ನೋಡಿಯೇ ನಾನು ಬೆಂಗಳೂರಿನ ಫ್ಲಾಟಿನಲ್ಲಿ "ನಮ್ಮಜ್ಜಿಯ ಪದ್ಧತಿ" ಅಂತ ಪೇಸ್ಟಿನ ಟ್ಯೂಬ್ ಬಿಸಾಕಿ, ಮಗನಿಗೂ ಪುಡಿ ಶುರು ಮಾಡಿದ್ದು.

ಅಜ್ಜಿ ಹೇಳಿದ ಸತ್ಯ

ಮಗನ ಹಲ್ಲಿನ ಚಿಕಿತ್ಸೆ ಮುಗಿದ ಮೇಲೆ ಊರಿಗೆ ಹೋದಾಗ ಅಜ್ಜಿ ಹತ್ತಿರ ಬೇಸರ ತೋಡಿಕೊಂಡೆ. "ಅಜ್ಜಿ, ನಿನ್ನ ಪುಡಿ ನನ್ನ ಮಗನಿಗೆ ಯಾಕೆ ಕೆಲಸ ಮಾಡಲಿಲ್ಲ?" ಅಜ್ಜಿ ನಕ್ಕರು.

"ನಿಮ್ಮಜ್ಜನೂ ಇದೇ ಪುಡೀಲಿ ತಿಕ್ತಿದ್ರಲ್ಲವ್ವಾ. ಅರವತ್ತಕ್ಕೇ ಅವರ ಬಾಯಲ್ಲಿ ಒಂದು ಹಲ್ಲಿರಲಿಲ್ಲ. ಅದನ್ಯಾಕೆ ಯಾರೂ ನೆನೆಸ್ಕಳಲ್ಲ?"

ನಿಜ. ಅಜ್ಜ ಮುದ್ದೆಯನ್ನು ಸಾರಿನಲ್ಲಿ ಮುಳುಗಿಸಿ ನುಂಗುತ್ತಿದ್ದದ್ದು ನೆನಪಾಯಿತು. ಒಂದೇ ಡಬ್ಬಿ, ಒಂದೇ ಪುಡಿ. ಅಜ್ಜಿಯ ಹಲ್ಲು ಉಳಿಯಿತು, ಅಜ್ಜನದು ಹೋಯಿತು. ನಾವು ಗಟ್ಟಿ ಹಲ್ಲಿನ ಅಜ್ಜಿಯನ್ನು ತೋರಿಸಿ "ಹಳೇ ಕಾಲದ ಪುಡಿ ನೋಡಿ ಹೇಗಿತ್ತು" ಅಂತೀವಿ. ಬೊಚ್ಚುಬಾಯಿಯ ಅಜ್ಜನನ್ನು ಲೆಕ್ಕಕ್ಕೇ ಹಿಡಿಯಲ್ಲ.

ವ್ಯತ್ಯಾಸ ಪುಡಿಯಲ್ಲಿ ಇರಲಿಲ್ಲ. ಅಜ್ಜ ದಿನವಿಡೀ ಎಲೆ ಅಡಿಕೆಯ ಜೊತೆ ಕಡ್ಡಿಪುಡಿ ಹಾಕುತ್ತಿದ್ದರು. ಅಜ್ಜಿಗೆ ಆ ಚಟ ಇರಲಿಲ್ಲ. ಊಟದ ನಡುವೆ ಬಾಯಾಡಿಸುವ ಅಭ್ಯಾಸವೂ ಇರಲಿಲ್ಲ, ಬೆಲ್ಲ ಹಬ್ಬಕ್ಕೆ ಮಾತ್ರ. ನನ್ನ ಮಗ? ಸ್ಕೂಲಿಗೆ ಕ್ರೀಂ ಬಿಸ್ಕತ್ತು, ಸಂಜೆ ಜ್ಯೂಸ್, ರಾತ್ರಿ ಸಕ್ಕರೆ ಹಾಕಿದ ಹಾಲು ಕುಡಿದು ಹಾಗೇ ನಿದ್ದೆ. ಅಜ್ಜಿಯ ಪುಡಿ ತಂದುಕೊಂಡೆ, ಅಜ್ಜಿಯ ಊಟ ತರಲಿಲ್ಲ.

ಹಲ್ಲು ಹುಳುಕಾಗೋದು ಹೇಗೆ?

ಹುಳುಕು ಹಲ್ಲಿನಲ್ಲಿ ಹುಳ ಇರುವುದಿಲ್ಲ. ನಮ್ಮ ಬಾಯಲ್ಲಿರುವ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಬಿಡುತ್ತವೆ. ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಹೊರಪದರ, ಅಂದರೆ ಎನಾಮಲ್, ಖನಿಜ ಕಳೆದುಕೊಳ್ಳಲು ಶುರುವಾಗುತ್ತದೆ. ಆಮೇಲೆ ಜೊಲ್ಲು ನಿಧಾನವಾಗಿ ಆ ಖನಿಜವನ್ನು ವಾಪಸ್ ತುಂಬುತ್ತದೆ. ಅರ್ಧ ಗಂಟೆಗೊಮ್ಮೆ ಏನಾದರೂ ಸಿಹಿ ಬಾಯಿಗೆ ಬೀಳುತ್ತಿದ್ದರೆ ಜೊಲ್ಲಿಗೆ ಆ ಕೆಲಸಕ್ಕೆ ಸಮಯವೇ ಸಿಗಲ್ಲ.

ಪೇಸ್ಟಿನಲ್ಲಿರುವ ಫ್ಲೋರೈಡ್ ಸಹಾಯ ಮಾಡುವುದು ಇಲ್ಲೇ. ಕಳೆದುಹೋದ ಖನಿಜ ಮತ್ತೆ ಕೂರಲು, ಕೂತದ್ದು ಆಮ್ಲಕ್ಕೆ ಬೇಗ ಕರಗದಿರಲು ಅದು ನೆರವಾಗುತ್ತದೆ. ಮನೆಯ ಪುಡಿ ಹಲ್ಲಿನ ಮೇಲಿನ ಪಾಚಿ ತೆಗೆಯುತ್ತದೆ, ವಾಸನೆ ಕಡಿಮೆ ಮಾಡುತ್ತದೆ, ಬಾಯಿಗೆ ಹಿತ ಕೊಡುತ್ತದೆ. ಫ್ಲೋರೈಡಿನ ಕೆಲಸ ಮಾತ್ರ ಅದರಿಂದ ಆಗಲ್ಲ. ನಾನು ಮಾಡಿದ ತಪ್ಪು ಇದೇ: ತೊಳೆಯುವ ಪುಡಿಯನ್ನು ಕಾಯುವ ಔಷಧಿ ಅಂದುಕೊಂಡೆ.

ಈಗ ನಮ್ಮ ಮನೆಯಲ್ಲಿ ಬೆಳಿಗ್ಗೆ ನನಗೂ ನನ್ನ ಗಂಡನಿಗೂ ಮನೆಯ ಪುಡಿ, ರಾತ್ರಿ ಎಲ್ಲರಿಗೂ ಫ್ಲೋರೈಡ್ ಪೇಸ್ಟ್. ಮಗನಿಗೆ ಎರಡು ಹೊತ್ತೂ ಪೇಸ್ಟೇ. ಮೂರು ವರ್ಷದೊಳಗಿನ ಮಗುವಿಗಾದರೆ ಅಕ್ಕಿಕಾಳಿನಷ್ಟು, ಮೂರರಿಂದ ಆರು ವರ್ಷದವರೆಗೆ ಬಟಾಣಿಯಷ್ಟು ಪೇಸ್ಟ್ ಸಾಕು. ಜಾಹೀರಾತಿನಲ್ಲಿ ತೋರಿಸುವ ಹಾಗೆ ಬ್ರಷ್ ತುಂಬ ಹಾಕಬಾರದು. ಮಕ್ಕಳು ನುಂಗದೆ ಉಗುಳುವ ಹಾಗೆ ಪಕ್ಕದಲ್ಲಿ ನಿಂತು ನೋಡಿಕೊಳ್ಳಬೇಕು.

ಮನೆಯಲ್ಲಿ ಮಾಡಿಕೊಳ್ಳಿ: ನಾಲ್ಕು ಬಗೆ

*1. ಸೋಡಾ–ಲವಂಗದ ಪುಡಿ*

ದೊಡ್ಡವರ ಬಳಕೆಗೆ ನಾನು ಹೆಚ್ಚು ನೆಚ್ಚಿಕೊಂಡಿರುವುದು ಇದನ್ನೇ.

- ಅಡುಗೆ ಸೋಡಾ: 4 ದೊಡ್ಡ ಚಮಚ
- ನುಣ್ಣಗೆ ಪುಡಿ ಮಾಡಿದ ಉಪ್ಪು: ಅರ್ಧ ಟೀ ಚಮಚ
- ಲವಂಗದ ಪುಡಿ: ಅರ್ಧ ಟೀ ಚಮಚ
- ನೆರಳಲ್ಲಿ ಒಣಗಿಸಿದ ಬೇವಿನ ಎಲೆಯ ಪುಡಿ: 1 ಟೀ ಚಮಚ

ಎಲ್ಲವನ್ನೂ ಮಿಕ್ಸಿಗೆ ಹಾಕಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದು ಒಣ ಡಬ್ಬಿಯಲ್ಲಿಡಿ. ಒದ್ದೆ ಬ್ರಷ್ ಅನ್ನು ಡಬ್ಬಿಗೆ ಅದ್ದಬೇಡಿ, ಚಿಟಿಕೆ ಪುಡಿಯನ್ನು ಅಂಗೈಗೆ ಹಾಕಿಕೊಳ್ಳಿ. ಒಂದು ತಿಂಗಳಿಗೆ ಸಾಕಾಗುವಷ್ಟೇ ಮಾಡಿ.

ಅಡುಗೆ ಸೋಡಾ ಎನಾಮಲ್‌ಗಿಂತ ತುಂಬ ಮೆದು, ಜೊತೆಗೆ ಆಮ್ಲವನ್ನು ತಗ್ಗಿಸುತ್ತದೆ. ಆದರೆ ಅಂಗಡಿಯಲ್ಲಿ ನೋಡಿ ತನ್ನಿ. ಬಟ್ಟೆ ಒಗೆಯುವ ವಾಷಿಂಗ್ ಸೋಡಾ ಬಾಯಿ ಸುಡುತ್ತದೆ. ಕೇಕಿಗೆ ಹಾಕುವ ಬೇಕಿಂಗ್ ಪೌಡರ್ ಕೂಡ ಬೇರೆಯದೇ, ಅದರಲ್ಲಿ ಆಮ್ಲ ಸೇರಿರುತ್ತದೆ. ಬಿಪಿ ಇದ್ದು ಉಪ್ಪು ಕಡಿಮೆ ಮಾಡಿ ಅಂತ ಡಾಕ್ಟರು ಹೇಳಿರುವವರು ಇದನ್ನು ನುಂಗದೆ ಚೆನ್ನಾಗಿ ಮುಕ್ಕಳಿಸಿ ಉಗುಳಿ.

ಪೇಸ್ಟ್ ಹಾಗೆ ಬೇಕೆಂದರೆ ಇದಕ್ಕೆ ಸಮ ಪ್ರಮಾಣದಲ್ಲಿ ಕೊಬ್ಬರಿ ಎಣ್ಣೆ ಕಲಸಿ. ಎಣ್ಣೆ ಚಳಿಯಲ್ಲಿ ಗಟ್ಟಿಯಾಗುತ್ತದೆ. ಹಾಗಾಗಿ ಸಿಂಕಿಗೆ ಉಗುಳಿದರೆ ಪೈಪ್ ಕಟ್ಟಿಕೊಳ್ಳುತ್ತದೆ, ನಮ್ಮ ಮನೆಯಲ್ಲಿ ಪ್ಲಂಬರ್ ಬಂದು ಹೋಗಿದ್ದಾಯಿತು!

*2. ಬೇವಿನ ಕಡ್ಡಿ*

ಸುಶ್ರುತ ಸಂಹಿತೆ ಹಲ್ಲುಜ್ಜುವ ಕಡ್ಡಿ 12 ಅಂಗುಲ ಉದ್ದ, ಕಿರುಬೆರಳಿನಷ್ಟು ದಪ್ಪ ಇರಬೇಕು ಅನ್ನುತ್ತದೆ. ಅರಬ್ ನಾಡುಗಳಲ್ಲಿ ಬಳಸುವ ಮಿಸ್ವಾಕ್ ಕಡ್ಡಿಯನ್ನು ಅದು ಬಳಕೆಯಲ್ಲಿರುವ ಕಡೆ ಉತ್ತೇಜಿಸಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯೂ 1987ರಲ್ಲಿ ಹೇಳಿತ್ತು. ನಮ್ಮ ಕಡೆ ಬೇವು, ಹೊಂಗೆ, ಜಾಲಿ ಕಡ್ಡಿ ರೂಢಿ.

ಎಳೆಯ ಹಸಿ ಕಡ್ಡಿಯ ತುದಿಯನ್ನು ಎರಡು ನಿಮಿಷ ಜಗಿದರೆ ಕುಂಚದ ಹಾಗೆ ಎಳೆ ಬಿಡುತ್ತದೆ. ಅದರಿಂದ ವಸಡಿನಿಂದ ಹಲ್ಲಿನ ತುದಿಯ ಕಡೆಗೆ ಮೆಲ್ಲಗೆ ಉಜ್ಜಿ. ಅಡ್ಡಡ್ಡ ತಿಕ್ಕಿದರೆ ವಸಡು ಕೆಳಗೆ ಜಾರುತ್ತದೆ. ಬಳಸಿದ ತುದಿಯನ್ನು ಮಾರನೇ ದಿನಕ್ಕೆ ಇಡಬೇಡಿ, ಕತ್ತರಿಸಿ ಬಿಸಾಡಿ. ಹಿಂದಿನ ದವಡೆ ಹಲ್ಲಿನ ಒಳಭಾಗಕ್ಕೆ ಕಡ್ಡಿ ಸರಿಯಾಗಿ ತಲುಪಲ್ಲ, ಅಲ್ಲಿಗೆ ಬ್ರಷ್ಷೇ ಬೇಕು.

ಮರ ಗುರುತಿಲ್ಲದಿದ್ದರೆ ಕಡ್ಡಿ ಮುರಿಯಬೇಡಿ. ಕಣಗಿಲೆ ಮತ್ತು ಎಕ್ಕ ವಿಷ. ಔಷಧಿ ಹೊಡೆದ ತೋಟದ ಬದುವಿನಿಂದ, ದೂಳು ತುಂಬಿದ ಹೈವೇ ಪಕ್ಕದಿಂದಲೂ ಬೇಡ.

*3. ಬಾಯಿ ಮುಕ್ಕಳಿಸುವ ನೀರು*

ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು. ವಸಡು ಊದಿದಾಗ ಇದರಷ್ಟು ಸರಳವಾದದ್ದು ಬೇರೊಂದಿಲ್ಲ. ಬಾಯಿ ವಾಸನೆಗೆ ನಾಲ್ಕೈದು ಎಳೆಯ ಪೇರಲ ಎಲೆಯನ್ನು ಎರಡು ಲೋಟ ನೀರಿನಲ್ಲಿ ಕುದಿಸಿ, ಒಂದು ಲೋಟಕ್ಕೆ ಇಳಿಸಿ, ಸೋಸಿ, ಆರಿದ ಮೇಲೆ ಮುಕ್ಕಳಿಸಿ. ಅಳಲೆ, ತಾರೆ, ನೆಲ್ಲಿ ಸೇರಿದ ತ್ರಿಫಲಾ ಪುಡಿಯ ಕಷಾಯವನ್ನೂ ಹೀಗೇ ಬಳಸಬಹುದು. ಅವತ್ತು ಮಾಡಿದ್ದನ್ನು ಅವತ್ತೇ ಮುಗಿಸಿ, ಮಿಕ್ಕರೆ ಚೆಲ್ಲಿಬಿಡಿ.

*4. ಅಜ್ಜಿಯ ಹೊಟ್ಟಿನ ಕರಿಪುಡಿ*

ಇದನ್ನು ನಾನು ಹದಿನೈದು ದಿನಕ್ಕೊಮ್ಮೆ ಮಾತ್ರ ಬಳಸುತ್ತೇನೆ. ಕಾರಣ ಕೇಳಿ. 100 ಕಿಲೋ ಭತ್ತ ಮಿಲ್ ಮಾಡಿಸಿದರೆ ಸುಮಾರು 20 ಕಿಲೋ ಹೊಟ್ಟು ಸಿಗುತ್ತದೆ. ಅದನ್ನು ಪೂರ್ತಿ ಸುಟ್ಟರೆ ಉಳಿಯುವುದು ಸುಮಾರು 4 ಕಿಲೋ ಬೂದಿ, ಅದರಲ್ಲಿ ಹೆಚ್ಚಿನ ಪಾಲು ಸಿಲಿಕಾ, ಅಂದರೆ ಮರಳಿನಲ್ಲಿರುವ ವಸ್ತು. ಕಡಿಮೆ ಕಾವಿನಲ್ಲಿ ಕರಿಯಾದಾಗ ಅದು ಮೆದುವಾಗಿಯೇ ಇರುತ್ತದೆ. ತುಂಬ ಕಾವಿನಲ್ಲಿ ಉರಿದರೆ ಅದೇ ಸಿಲಿಕಾ ಗಟ್ಟಿ ಹರಳಾಗುತ್ತದೆ. "ಬೂದಿ ಆಗಕ್ಕೆ ಬಿಡಬಾರ್ದು" ಅನ್ನುವ ಅಜ್ಜಿಯ ಮಾತಿನಲ್ಲಿ ಇಷ್ಟು ವಿಜ್ಞಾನ ಇತ್ತು.

ಹಾಗಾಗಿ ರೈಸ್‌ಮಿಲ್ಲಿನ ಬಾಯ್ಲರ್ ಬೂದಿ ಎಷ್ಟೇ ನುಣ್ಣಗಿದ್ದರೂ ಹಲ್ಲಿಗೆ ಹಚ್ಚಬೇಡಿ. ಅದನ್ನು ಜರಡಿ ಹಿಡಿಯುವಾಗ ಮೂಗಿಗೆ ಹೋಗುವ ದೂಳು ಶ್ವಾಸಕೋಶಕ್ಕೂ ಕೆಟ್ಟದ್ದು. ಬಿತ್ತನೆಗೆಂದು ಔಷಧಿ ಲೇಪಿಸಿದ ಭತ್ತದ ಹೊಟ್ಟೂ ಬೇಡ.

ಅಳತೆ: ಜರಡಿ ಹಿಡಿದ ಕರಿ 4 ಚಮಚ, ಉಪ್ಪು ಅರ್ಧ ಚಮಚ, ಲವಂಗದ ಪುಡಿ ಕಾಲು ಚಮಚ. ಬೆರಳಲ್ಲಿ ಮಾತ್ರ, ಮೆಲ್ಲಗೆ, ಒಂದು ನಿಮಿಷ. ಬ್ರಷ್ಷಿಗೆ ಹಾಕಿಕೊಂಡು ಗಸಗಸ ತಿಕ್ಕಿದರೆ ಎನಾಮಲ್ ಸವೆಯುತ್ತದೆ. ಒಮ್ಮೆ ಸವೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಒಳಗಿನ ಹಳದಿ ಪದರ ಕಾಣಿಸಿಕೊಂಡು, ಬೆಳ್ಳಗಾಗಲಿ ಅಂತ ಉಜ್ಜಿದ ಹಲ್ಲು ಇನ್ನಷ್ಟು ಹಳದಿಯಾಗುತ್ತದೆ. ಫಿಲ್ಲಿಂಗ್, ಕ್ಯಾಪ್ ಇರುವವರು, ತಣ್ಣೀರಿಗೆ ಹಲ್ಲು ಜುಮ್ಮೆನ್ನುವವರು ಕರಿಪುಡಿಯ ತಂಟೆಗೇ ಹೋಗಬೇಡಿ.

ಇವು ಬೇಡವೇ ಬೇಡ

ನಿಂಬೆರಸ: ಇದರ ಪಿಎಚ್ ಸುಮಾರು 2ರಿಂದ 2.5. ಎನಾಮಲ್ ಕರಗಲು ಇದಕ್ಕಿಂತ ಒಳ್ಳೆಯ ದಾರಿ ಬೇಕಿಲ್ಲ. ಸೋಡಾ ಜೊತೆ ಬೆರೆಸಿ ನೊರೆ ಬಂದರೆ "ಕೆಲಸ ಮಾಡ್ತಿದೆ" ಅಂತಲ್ಲ, ಎರಡೂ ಒಂದನ್ನೊಂದು ಮುಗಿಸುತ್ತಿವೆ ಅಂತ ಅರ್ಥ.

ಇಟ್ಟಿಗೆ ಪುಡಿ, ಮರಳು, ಒಲೆಯ ಬೂದಿ: ಪಾತ್ರೆಗೆ ಸರಿ, ಹಲ್ಲಿಗಲ್ಲ.

ಲವಂಗದ ಎಣ್ಣೆ ನೇರವಾಗಿ: ಇದರಲ್ಲಿರುವ ಯೂಜಿನಾಲ್ ನೋವು ಮರಗಟ್ಟಿಸುತ್ತದೆ, ನಿಜ. ಆದರೆ ಬೆರಕೆಯಿಲ್ಲದ ಎಣ್ಣೆ ವಸಡು ಸುಡುತ್ತದೆ, ಮಕ್ಕಳಿಗಂತೂ ಅಪಾಯ. ನೋವು ನಿಂತಿತು ಅಂದರೆ ಹುಳುಕು ವಾಸಿಯಾಯಿತು ಅಂತಲ್ಲ.

ತಂಬಾಕು: ಹಲ್ಲುನೋವಿಗೆ ಕಡ್ಡಿಪುಡಿ ಒತ್ತಿಕೊಳ್ಳುವುದು, ಸುಟ್ಟ ತಂಬಾಕಿನ ಪುಡಿಯಲ್ಲಿ ಉಜ್ಜುವುದು ಹಳ್ಳಿಗಳಲ್ಲಿ ಇನ್ನೂ ಇದೆ. ಟೂತ್‌ಪೇಸ್ಟ್ ಮತ್ತು ಹಲ್ಲುಪುಡಿಯಲ್ಲಿ ತಂಬಾಕು ಬಳಸುವುದನ್ನು ಭಾರತ ಸರ್ಕಾರ 1992ರಲ್ಲೇ ನಿಷೇಧಿಸಿದೆ.

ಜಗಳೂರಿನ ಕಂದು ಕಲೆ, ನಮ್ಮ ಕಡೆಯ ಕೆಂಪು ಕಲೆ

ನಮ್ಮ ಜಿಲ್ಲೆಯದೇ ಎರಡು ಸಂಗತಿ ಹೇಳದಿದ್ದರೆ ಈ ಬರಹ ಪೂರ್ತಿಯಾಗಲ್ಲ.

ಜಗಳೂರಿನ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂವರೆಗೆ ಇರಬಹುದು, ಬೇರೆ ದಾರಿಯಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಅನ್ನುತ್ತದೆ ಭಾರತೀಯ ಮಾನಕ. ಅದನ್ನು ಮೀರಿದ ನೀರನ್ನು ಚಿಕ್ಕಂದಿನಿಂದ ಕುಡಿದವರ ಹಲ್ಲಿನಲ್ಲಿ ಬಿಳಿ ಗೆರೆ, ಕಂದು ಕಲೆ ಬರುತ್ತದೆ. ಹಲ್ಲು ಮೂಳೆಯೊಳಗೆ ರೂಪುಗೊಳ್ಳುವಾಗಲೇ ಬಂದ ಕಲೆ ಅದು. ಹಲ್ಲುಜ್ಜದೆ ಬಂದದ್ದಲ್ಲ, ಹಾಗಾಗಿ ಯಾವ ಪುಡಿಗೂ ಹೋಗಲ್ಲ. ಮದುವೆ, ಇಂಟರ್‌ವ್ಯೂ ಅಂತ ನಾಚಿಕೊಂಡು ಇದ್ದಿಲಲ್ಲಿ ತಿಕ್ಕಿ ತಿಕ್ಕಿ ಹಲ್ಲು ಸವೆಸಿಕೊಂಡವರನ್ನು ನಾನೇ ನೋಡಿದ್ದೇನೆ. ಅಂಥ ಕಲೆಗೆ ಡೆಂಟಿಸ್ಟ್ ಹತ್ತಿರ ಬೇರೆ ಉಪಾಯಗಳಿವೆ. ಆ ಊರುಗಳ ಚಿಕ್ಕ ಮಕ್ಕಳಿಗೆ ಮೊದಲು ಬದಲಾಗಬೇಕಾದ್ದು ಕುಡಿಯುವ ನೀರು. ಯಾವ ಪೇಸ್ಟ್, ಎಷ್ಟು ಅನ್ನೋದನ್ನು ಅವರೂರಿನ ನೀರಿನ ವಿಷಯ ಹೇಳಿ ಡೆಂಟಿಸ್ಟ್ ಹತ್ತಿರ ಕೇಳಿಯೇ ತೀರ್ಮಾನಿಸಿ.

ಇನ್ನು ಚನ್ನಗಿರಿ ಕಡೆಯ ನಮ್ಮದು ಎಲೆ ಅಡಿಕೆಯ ಕಲೆ. ಅಡಿಕೆಯಿಂದಲೇ ನಮ್ಮ ಮನೆಗಳು ನಡೆಯುವುದು, ನನ್ನ ಓದು ಆದದ್ದೂ ಅದೇ ದುಡ್ಡಿನಲ್ಲಿ. ಆದರೂ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆ ಜಗಿಯುವುದನ್ನು, ತಂಬಾಕಿಲ್ಲದಿದ್ದರೂ, ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಹಲ್ಲಿನ ಮೇಲಿನ ಕೆಂಪು ಕಲೆಯನ್ನು ಪುಡಿ ಹಾಕಿ ತೆಗೆಯಬಹುದು, ಕೆನ್ನೆಯ ಒಳಗೆ ಆಗುತ್ತಿರುವುದನ್ನು ತೆಗೆಯಲಾಗಲ್ಲ. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು, ಖಾರ ತಿಂದರೆ ಉರಿ, ಬಾಯಿ ಮೊದಲಿನಷ್ಟು ಅಗಲ ತೆರೆಯಲು ಆಗದಿರುವುದು, ಇವುಗಳಲ್ಲಿ ಯಾವುದು ಕಂಡರೂ ಲವಂಗದ ಪುಡಿ ಹಚ್ಚಿಕೊಂಡು ಕೂರಬೇಡಿ. ದಾವಣಗೆರೆಯಲ್ಲಿ 1979ರಿಂದ ಇರುವ ಬಾಪೂಜಿ ದಂತ ವೈದ್ಯಕೀಯ ಕಾಲೇಜೂ ಸೇರಿ ಎರಡು ದಂತ ಕಾಲೇಜುಗಳಿವೆ. ಊರಿನ ಹಿರಿಯರನ್ನು ಒಂದು ದಿನ ಅಲ್ಲಿಗೆ ಕರೆದುಕೊಂಡು ಹೋಗಿ ಬಾಯಿ ತೋರಿಸುವುದು ಕಷ್ಟದ ಕೆಲಸವಲ್ಲ.

ಮತ್ತೆ ಹಿತ್ತಲಿಗೆ

ಈ ಸಲ ಸುಗ್ಗಿಯ ರಜೆಗೆ ಹೋದಾಗ ಅಜ್ಜಿಯ ಜೊತೆ ಕೂತು ಹೊಟ್ಟು ಸುಟ್ಟೆ. ಹೊಟ್ಟು ಸಿಗುವುದೇ ಕಷ್ಟವಾಗಿತ್ತು. ಈಗ ಮೆಷಿನ್ ಕೊಯ್ಲು, ಗದ್ದೆಯಿಂದಲೇ ಭತ್ತ ಲಾರಿಗೆ ಏರುತ್ತದೆ, ಹೊಟ್ಟು ಮಿಲ್ಲಿನಲ್ಲೇ ಉಳಿಯುತ್ತದೆ. ಊಟಕ್ಕೆ ಭತ್ತ ಇಟ್ಟುಕೊಳ್ಳುವ ಪಕ್ಕದ ಮನೆಯವರ ಹತ್ತಿರ ಒಂದು ಪುಟ್ಟಿ ಇಸ್ಕೊಂಡು ಬಂದೆವು. ಮಗ ಹೊಗೆಗೆ ಕಣ್ಣುಜ್ಜಿಕೊಳ್ಳುತ್ತಾ ಪಕ್ಕದಲ್ಲೇ ನಿಂತಿದ್ದ. ಪುಡಿಯಾದ ಮೇಲೆ ಬೆರಳಿಗೆ ಹಚ್ಚಿಕೊಂಡು ಮುಂದಿನ ಎರಡು ಹಲ್ಲಿಗೆ ಬಳಿದುಕೊಂಡ, ಕನ್ನಡಿ ನೋಡಿ ಬಿದ್ದು ಬಿದ್ದು ನಕ್ಕ. ನಾನು ನಕ್ಕ ಹಾಗೇ.

ರಾತ್ರಿ ಮಲಗುವ ಮುಂಚೆ ಬ್ರಷ್ಷಿಗೆ ಬಟಾಣಿಯಷ್ಟು ಪೇಸ್ಟ್ ಹಾಕಿ ಕೊಟ್ಟೆ. ಅಜ್ಜಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಅವನಿಗೆ ಆಮೇಲೆ ಸಕ್ಕರೆ ಹಾಲು ಕೊಡಬ್ಯಾಡ ಮತ್ತೆ" ಅಂದರು.

ಕೊಡಲಿಲ್ಲ.